ಜಪ್ತಿಮನೆಯ ಹಂಡೆ

ಕಳೆದ ಗುರುವಾರ ಅಂಕೋಲೆಯ ಖಾನಾವಳಿಯೊಂದರಲ್ಲಿ ಕೈ ತೊಳೆಯಲು ಹೋದವನು ಊಟ ಮಾಡದೆ ಹೊರಗೆ ಬಂದೆ. ಸಾರು ಹಳಸಿತ್ತೇ? ಇಲ್ಲ. ಅಲ್ಲಿಯ ಬಂಗಡೆ ಸಾರಿಗೆ ನಾನು ಎರಡು ವರ್ಷದ ಗಿರಾಕಿ. ಕಾರವಾರದಿಂದ ಹೋದಾಗಲೆಲ್ಲ ಸರ್ವಿಸ್ ಮೋಟಾರು ಇಳಿದು ನೇರವಾಗಿ ಅಲ್ಲಿಗೇ ನಡೆಯುವವನು.

ಬಾಗಿಲ ಮೇಲೆ ‘ಸ್ವದೇಶಿ ಖಾನಾವಳಿ’ ಎಂಬ ದೊಡ್ಡ ಬೋರ್ಡು. ಊರವರ ಬಾಯಲ್ಲಿ ಮಾತ್ರ ಅದು ಇಂದಿಗೂ ಜಪ್ತಿಮನೆ. ಯಾಕೆ ಹಾಗನ್ನುತ್ತಾರೆಂದು ನಾನು ಯಾವತ್ತಾದರೂ ಯೋಚಿಸಿದ್ದೆನೇ? ಹಸಿದವನಿಗೆ ಇತಿಹಾಸ ಯಾಕೆ ಬೇಕು!

ಈಗ ಕೇಳಿ ತಿಳಿದದ್ದು ಇದು: ಕಟ್ಟಿಸಿದಾಗ ಅದು ಉಪ್ಪು ತುಂಬಿಡುವ ವಖಾರಿ. (ಗೋಡೆಗೆ ಎಷ್ಟು ಬಳಿದರೂ ಸುಣ್ಣ ನಿಲ್ಲುವುದಿಲ್ಲ.) ಕರನಿರಾಕರಣೆಯ ದಿನಗಳಲ್ಲಿ ಸರಕಾರ ಅದನ್ನು ಬಾಡಿಗೆಗೆ ಹಿಡಿಯಿತು. ಕಂದಾಯ ಕೊಡೆವು ಎಂದ ರೈತರ ಮನೆಗಳಿಂದ ಹೊತ್ತು ತಂದ ಹಂಡೆ, ಕೊಡ, ತೊಟ್ಟಿಲು (ಹೌದು, ತೊಟ್ಟಿಲು ಕೂಡ) ಅಲ್ಲಿ ಒಟ್ಟಿದರು. ಅಂಗಳದಲ್ಲೇ ಲಿಲಾವು, ಕೂಗಿ ಕೂಗಿ ಹರಾಜು.

ಸುತ್ತಿನ ಹಳ್ಳಿಯವರು ದೇವರ ಮುಂದೆ ತೆಂಗಿನಕಾಯಿ ಮುಟ್ಟಿ ಆಣೆ ಹಾಕಿದ್ದರು: ಲಿಲಾವಿನ ಸಾಮಾನು ಮುಟ್ಟುವುದಿಲ್ಲ. ಒಬ್ಬರೂ ಸವಾಲು ಕೂಗಲಿಲ್ಲ. ಕೂಗಿದವರೆಲ್ಲ ಹೊರಗಿನವರು. ಅವರಲ್ಲೊಬ್ಬ ಪಾತ್ರೆಗಳ ರಾಶಿಯನ್ನೇ ಕೊಂಡ. ಮುಂದೆ ವಖಾರಿ ಖಾಲಿಯಾದಾಗ ಅದನ್ನೂ ಬಾಡಿಗೆಗೆ ಹಿಡಿದು, ಅದೇ ಪಾತ್ರೆಗಳನ್ನಿಟ್ಟುಕೊಂಡು ಒಲೆ ಹಚ್ಚಿದ. ಗಾಳಿ ಖಾದಿಯ ಕಡೆ ತಿರುಗಿದ ಮೇಲೆ ‘ಸ್ವದೇಶಿ’ ಎಂದು ಬೋರ್ಡು ಬರೆಸಿದ.

ಗುರುವಾರ ನನ್ನ ಜೊತೆಗಿದ್ದವರು ಶೆಟಗೇರಿಯ ದೇವಮ್ಮ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. ಹೊಸ ಮಂತ್ರಿಮಂಡಲ ಬಂದ ಮೇಲೆ ಜಪ್ತಾದ ಗದ್ದೆಗಳು ತಿರುಗಿ ಸಿಗುತ್ತಿವೆಯಲ್ಲ, ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಕಚೇರಿಗೆ ಬಂದಿದ್ದರು. ಮಧ್ಯಾಹ್ನವಾಯಿತು. ಊಟಕ್ಕೆ ಕರೆದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಹೆಮ್ಮೆ ಬೇರೆ! ಖಾನಾವಳಿಯ ಬಾಗಿಲಲ್ಲಿ ಅವರು ಒಂದು ಗಳಿಗೆ ನಿಂತರು. ಬಿಸಿಲಿಗೆ ದಣಿದಿದ್ದಾರೆಂದುಕೊಂಡೆ.

ಹಿತ್ತಲಲ್ಲಿ ಕೈ ತೊಳೆಯಲು ಬಿಸಿನೀರಿನ ತಾಮ್ರದ ಹಂಡೆ. ದೇವಮ್ಮ ತಂಬಿಗೆ ಅದ್ದಿದವರು ಹಾಗೇ ನಿಂತರು. ಹಂಡೆಯ ಕಂಠದಲ್ಲಿದ್ದ ಒಂದು ತಗ್ಗಿನ ಮೇಲೆ ಬೆರಳಾಡಿಸಿದರು.

“ಮಾಸ್ತರೆ, ಇಲ್ಲೇನ್ ಬರ್ದದೆ ನೋಡಿ.”

ಮಸಿ ಉಜ್ಜಿದೆ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು: ದೇವಮ್ಮ, ಶೆಟಗೇರಿ.

“ನಂಗೆ ಓದುಕೆ ಬರುದಿಲ್ಲ. ಈ ತಗ್ಗು ಗೊತ್ತದೆ. ಮದ್ವಿಗೆ ಅಪ್ಪ ಕೊಟ್ಟದ್ದು. ದೀವಳ್ಗಿಗೆ ನೀರ್ ತುಂಬ್ವಾಗ ಇದ್ಕೇ ಬಳ್ಳಿ ಕಟ್ತಿದ್ದೆ. ಈಗ ಮಣ್ಣಿನ ಮಡ್ಕಿಗೆ ಕಟ್ತೆ.”

ನನಗೆ ಮೈ ಉರಿದುಹೋಯಿತು. ಮಾಲೀಕನನ್ನು ಕರೆದೆ. ಆತ ಘಟ್ಟದ ಮೇಲಿನವ. ಸಿಟ್ಟಾಗಲೂ ಇಲ್ಲ.

“ಲಿಲಾವಿನ್ಯಾಗ ಕಾಯದೇಶೀರ ತಗೊಂಡೀನ್ರೀ ಸಾಹೇಬ್ರ. ರಸೀದಿ ಐತಿ.”

ಕಾಯದೇಶೀರ, ಕಾನೂನಿನ ಪ್ರಕಾರ! ಮನೆಗೆ ನುಗ್ಗಿ ಒಲೆಯ ಮೇಲಿನ ಹಂಡೆ ಇಳಿಸಿದ್ದೂ ಕಾಯದೇಶೀರ. ಅದರ ಬಿಸಿನೀರಿನಲ್ಲಿ ಊರಿನ ದೊಡ್ಡ ಮನುಷ್ಯರೆಲ್ಲ ಕೈ ತೊಳೆಯುತ್ತಿರುವುದೂ ಕಾಯದೇಶೀರ. ಆಮೇಲೆ ಕಚೇರಿಯಲ್ಲಿ ಕೇಳಿದೆ. ಗದ್ದೆ ಸ್ಥಾವರ, ತಿರುಗಿ ಬರುತ್ತದಂತೆ. ಹಂಡೆ ಜಂಗಮ, ಹೋದದ್ದು ಹೋಯಿತಂತೆ. ಗುಮಾಸ್ತ ಇದನ್ನು ತಲೆ ಎತ್ತದೆ ಹೇಳಿದ.

ಹಿತ್ತಲಲ್ಲಿ ಆಗ ನನಗೆ ತೋಚಿದ್ದು ಒಂದೇ. “ನಾನು ಕೊಂಡು ಕೊಡುತ್ತೇನೆ,” ಎಂದೆ. ಮಾಲೀಕನ ಮುಖ ಅರಳಿತು. ದೇವಮ್ಮ ಬೇಡವೆಂದು ತಲೆಯಾಡಿಸಿದರು.

“ನೀವ್ ಕೊಂಡ್ರೂ ಲಿಲಾವಿನ ಸಾಮಾನೇ ಅಲ್ವಾ ಮಾಸ್ತರೆ? ಕಾಯಿ ಮುಟ್ಟಿ ಆಣೆ ಹಾಕಿದ್ದೆ. ನಮ್ಮನೆ ಹಂಡೆ ಒಂದ್ ಬಿಟ್ಟು ಅಂತ ಹಾಕಿದ್ನಾ? ಇವ್ರು ತಾವಾಗಿ ಕೊಟ್ರೆ ಈಗ್ಲೇ ಹೊತ್ಕಂಡ್ ಹೋತೆ.”

ಮಾಲೀಕ ನಕ್ಕ. “ಧಂದೆ ಮಾಡೂಣೋ, ಧರ್ಮ ಮಾಡೂಣೋ?”

ದೇವಮ್ಮ ತಂಬಿಗೆಯ ನೀರನ್ನು ಹಂಡೆಗೇ ಸುರಿದರು. ಅವನಿಗೆ ಹೇಳಿದ್ದು ಇಷ್ಟೇ: “ಹುಣ್ಸೆಹುಳಿ ಹಾಕಿ ತಿಕ್ಸಿ. ಹಿಂಗೇ ಬಿಟ್ರೆ ಹಾಳಾತದೆ.” ಬೆಳಿಗ್ಗೆಯಿಂದ ಉಪವಾಸವಿದ್ದ ಹೆಂಗಸು ಹಾಗೆಯೇ ಶೆಟಗೇರಿಯ ದಾರಿ ಹಿಡಿದರು. ನಾನೂ ಎಲೆಯ ಮುಂದೆ ಕೂರದೆ ಹೊರಟೆ.

ಆ ವ್ಯಾಪಾರಿಯ ಮೇಲೆ ನನಗೆ ಸಿಟ್ಟಿದೆ. ಆದರೆ ಅದಕ್ಕಿಂತ ಹೆಚ್ಚು ನಮ್ಮ ಮೇಲೆ. ಹಿತ್ತಲಿನಿಂದ ಹೊರಗೆ ಬರುವಾಗ ಪಂಕ್ತಿಯಲ್ಲಿ ಯಾರ್ಯಾರು ಕೂತಿದ್ದರು ಗೊತ್ತೇ? ಖಾದಿ ತೊಟ್ಟವರು, ವಕೀಲರು, ನನ್ನಂಥ ಮಾಸ್ತರರು. ಸಭೆಯಲ್ಲಿ ಅಂಕೋಲೆಯ ರೈತರ ತ್ಯಾಗವನ್ನು ಕೊಂಡಾಡಿ, ಹಾರ ಹಾಕಿ, ಹಸಿವಾಯಿತೆಂದು ಸೀದಾ ಜಪ್ತಿಮನೆಗೆ ಬರುವ ಜನ ನಾವು. ಎರಡು ವರ್ಷ ಆ ನೀರು ಮೊಗೆದಿದ್ದೇನೆ. ಅಕ್ಷರ ಕಲಿಸುವ ನಾನು ಆ ಹಂಡೆಯ ಅಕ್ಷರ ಓದಲಿಲ್ಲ. ಥೂ!

ತನ್ನದೇ ಹಂಡೆಯನ್ನು ಕೊಳ್ಳದಿರಲು ದೇವಮ್ಮನಿಗೆ ಒಂದು ಆಣೆ ಸಾಕಾಯಿತು. ಅಲ್ಲಿ ಉಣ್ಣದಿರುವುದಕ್ಕೂ ನಮಗೆ ಯಾರಾದರೂ ಕಾಯಿ ಮುಟ್ಟಿಸಬೇಕೇ?