ಚಂದ್ರ ಕಾಣುವ ಛಾವಣಿ

ಸವದತ್ತಿಯಲ್ಲಿ ನಮ್ಮ ಎದುರುಮನೆಯ ಸೊಸೆ ಮುಂಬೈಯ ಯಹೂದಿ ಕುಟುಂಬದಿಂದ ಲಿಂಗಾಯತ ಮನೆಗೆ ಬಂದವರಾಗಿದ್ದರು. ಧರ್ಮಸಮನ್ವಯದ ಕುರಿತು ನಾನು ಬಾಯಿ ತೆರೆದಾಗಲೆಲ್ಲ ತಟ್ಟೆಯನ್ನು ಮುಂದೆ ಸರಿಸಿ, "ಮೊದಲ ಉಣ್ರಿ, ಆಮ್ಯಾಲ ಭಾಷಣ" ಎನ್ನುತ್ತಿದ್ದರು.

ಸೀಗಿ ಹುಣ್ಣಿಮೆಯ ಹೊತ್ತಿಗೇ ಅವರ ತವರಿನ ಯಹೂದಿಗಳ ಗುಡಿಸಲ ಹಬ್ಬವೂ ಬರುತ್ತಿತ್ತು. ಮಾಳಿಗೆಯ ಮೇಲೆ ಜೋಳದ ದಂಟು ಹೊದಿಸಿ ಗುಡಿಸಲು ಕಟ್ಟಿ, ಒಂದು ಕಣ್ಣು ಮುಚ್ಚಿ ಮೇಲೆ ನೋಡುವರು. ಸಂದಿಗಳಲ್ಲಿ ಆಕಾಶ ಕಂಡರೆ ಮಾತ್ರ ಆ ಗುಡಿಸಲು ಹಬ್ಬಕ್ಕೆ ಸಲ್ಲುತ್ತಿತ್ತು.

ಈ ಹಬ್ಬದಿಂದ ದೂರವೇ ಉಳಿದಿದ್ದ ಅತ್ತೆ ಒಂದು ವರ್ಷ ತಾವಾಗಿಯೇ ಮಾಳಿಗೆ ಹತ್ತಿದರು. ಸೊಸೆ ಇನ್ನೂ ಅಡುಗೆಮನೆಯಲ್ಲಿದ್ದರು. ಛಾವಣಿಯ ಸಂದಿಗಳನ್ನು ಕಂಡು ಮರುಗಿದ ಅತ್ತೆ, ಆಳನ್ನು ಕರೆದು ಮಳೆಗಾಲದ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿಬಿಟ್ಟರು.

"ಇನ್ನ ಇಬ್ಬನಿ ಬೀಳೂದಿಲ್ಲ ನೋಡವಾ" ಎಂದು, ಮೇಲೆ ಬಂದ ಸೊಸೆಗೆ ಹೆಮ್ಮೆಯಿಂದ ತೋರಿಸಿದರು.

ಹಬ್ಬವೂ ಕೆಡಬಾರದು, ಮೊದಲ ಸಲ ಬಂದ ಅತ್ತೆಯ ಮನಸ್ಸೂ ಮುರಿಯಬಾರದು. ಊಟಕ್ಕೆ ಬಂದಿದ್ದ ನಾನು ವಿವರಿಸಲೆಂದು ಗಂಟಲು ಸರಿಪಡಿಸಿಕೊಂಡೆ. ಸೊಸೆ ಕಣ್ಣಲ್ಲೇ ನನ್ನನ್ನು ತಡೆದು, ಅತ್ತೆಯ ಪಕ್ಕ ಕುಳಿತು, ಒಂದು ಕಣ್ಣು ಮುಚ್ಚಿ ಮೇಲೆ ನೋಡಿದರು.

"ಅತ್ತಿ, ಹುಣ್ಣಿವಿ ಚಂದ್ರ ಎಲ್ಲಿ ಅದಾನ್ರಿ?"

ಅತ್ತೆಯೂ ತಲೆಯೆತ್ತಿದರು. "ಅಯ್ಯ ಶಿವನ! ಸೀಗಿ ಹುಣ್ಣಿವಿ ದಿನಾನ ಚಂದ್ರನ್ನ ಮುಚ್ಚಿ ಕುಂತೇನಲ್ಲ! ಮದ್ಲ ಹೇಳಬಾರದೇನ, ಹುಚ್ಚಿ?" ಎಂದು ತಾವೇ ತಾಡಪತ್ರಿಯನ್ನು ಎಳೆದು ಹಾಕಿದರು. ಕಡುಬಿನ ತಟ್ಟೆಗಳ ಮೇಲೆ ಬೆಳದಿಂಗಳು ಚೂರುಚೂರಾಗಿ ಬಿತ್ತು.

ಇಂಥ ಸಂದರ್ಭದಲ್ಲಿ ಎರಡು ಮಾತಾಡದಿರುವುದು ನನ್ನಿಂದಾಗದು. "ಸಮನ್ವಯವೆಂದರೆ..." ಎನ್ನುತ್ತ ಎದ್ದು ನಿಂತೆ.

ಅತ್ತೆ ನನ್ನ ಮುಂದೆ ತಟ್ಟೆ ಸರಿಸಿದರು. "ಮೊದಲ ಉಣ್ರಿ, ಆಮ್ಯಾಲ ಭಾಷಣ."