ಬಾಯಲ್ಲಿ ದಾರ

ಲೂದ್ವಿಕಕ್ಕನ ಮುಂದೆ ನಿಂತವರು ಯಾರೇ ಆಗಲಿ, ಸ್ವಲ್ಪ ಹೊತ್ತು ಮೂಗರಾಗಲೇಬೇಕಿತ್ತು. ಹೋದ ವರ್ಷ ಪದಕ ಗೆದ್ದವನಿರಲಿ, ಮೊನ್ನೆ ತಂಡಕ್ಕೆ ಸೇರಿದ ಹುಡುಗಿಯಿರಲಿ, ಹಿಮದ ಗುಡ್ಡದಿಂದ ಹಾರುವ ಸ್ಕೀ ಜಿಗಿತದ ಉಡುಪು ತೊಟ್ಟು ಎದುರು ನಿಂತ ಕೂಡಲೇ ಅವಳು ಬೆರಳುದ್ದದ ದಾರ ಕತ್ತರಿಸಿ ಬಾಯಿಗೆ ಕೊಡುತ್ತಿದ್ದಳು. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಿದರೆ ತೊಟ್ಟವರ ಬುದ್ಧಿಯೂ ಸೇರಿ ಹೊಲಿದುಹೋಗುತ್ತದೆ ಎಂಬುದು ನಮ್ಮ ಬೆಟ್ಟದ ಕಡೆಯ ಹಳೆಯ ನಂಬಿಕೆ. ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದರೆ ಬುದ್ಧಿಗೆ ಹಿಡಿದುಕೊಳ್ಳಲು ಅದೊಂದು ಆಸರೆ. ಕೊನೆಯ ಗಂಟು ಬೀಳುವವರೆಗೆ ಬಾಯಿ ಬಿಡುವ ಹಾಗಿಲ್ಲ.

ನಾನು ಇದನ್ನೆಲ್ಲ ನಂಬುವವನಲ್ಲ. "ಅಷ್ಟು ಎತ್ತರದಿಂದ ಹಾರೋರಿಗೆ ಬುದ್ಧಿ ಎಲ್ಲಕ್ಕ ಇರುತ್ತೆ, ಹೊಲ್ದುಹೋಗೋಕೆ?" ಎಂದು ಕೆಣಕುತ್ತಿದ್ದೆ.

"ನಿನಗೆ ಹೊಲಿಯೋವಾಗ ದಾರ ಕೊಡಲ್ಲ ಬಿಡು ಬ್ಲಾಜೆಯ್. ದಾರ ದಂಡ," ಎನ್ನುತ್ತಿದ್ದಳು.

ನಾನು ತಂಡದ ಸ್ಕೀಗಳಿಗೆ ಮೇಣ ತಿಕ್ಕುವವನು, ಅವಳು ಉಡುಪು ಹೊಲಿಯುವವಳು. ನವೆಂಬರಿನಲ್ಲಿ ಉತ್ತರದ ಕತ್ತಲೆ ದೇಶಗಳಲ್ಲಿ ಸ್ಪರ್ಧೆಗಳ ಋತು ಶುರುವಾದರೆ ಮಾರ್ಚಿನಲ್ಲಿ ಸ್ಲೊವೇನಿಯಾದ ದೊಡ್ಡ ಗುಡ್ಡದಲ್ಲಿ ಮುಗಿಯುವವರೆಗೆ ಇಬ್ಬರೂ ಒಂದೇ ವ್ಯಾನಿನಲ್ಲಿ ಅಲೆಯುತ್ತಿದ್ದೆವು. ಮುಂದೆ ಡ್ರೈವರು, ನಡುವೆ ನನ್ನ ಮೇಣದ ಪೆಟ್ಟಿಗೆಗಳು, ಹಿಂದೆ ಅವಳ ಹೊಲಿಗೆ ಯಂತ್ರ. ಅವಳ ಅಪ್ಪ ನಮ್ಮ ಊರಿನ ದರ್ಜಿ. ಬೆಟ್ಟದ ಗಂಡಸರು ಹಬ್ಬಕ್ಕೆ ತೊಡುವ ಬಿಳಿ ಉಣ್ಣೆಯ ಕಸೂತಿ ಷರಾಯಿ ಅವನಷ್ಟು ಬಿಗಿಯಾಗಿ, ಚರ್ಮದ ಹಾಗೆ ಕೂರುವಂತೆ ಹೊಲಿಯುವವರು ಸುತ್ತಮುತ್ತ ಇರಲಿಲ್ಲ. ಷರಾಯಿ ತೊಡುವುದು ಮದುವೆಗೆ ಮಾತ್ರ ಎಂಬಂತಾದ ಮೇಲೆ ಮಗಳು ಆ ಕೈಗುಣವನ್ನು ಜಿಗಿತದವರ ಉಡುಪಿಗೆ ತಂದಳು. ಅಪ್ಪನಿಂದ ಬಂದದ್ದು ಇನ್ನೊಂದು, ಬಾಯಿ. ಹೊಲಿಯುತ್ತಿರುವಷ್ಟು ಹೊತ್ತೂ ಅವಳದೇ ಮಾತು. ಎದುರಿಗೆ ನಿಂತವರು ಪಾಪ, ದಾರ ಕಚ್ಚಿಕೊಂಡು ತಲೆಯಾಡಿಸಬೇಕು. ಮೂವತ್ತು ವರ್ಷ ಹೀಗೆ ಉತ್ತರ ಕೊಡಲಾಗದವರ ಜೊತೆ ಮಾತಾಡಿ ಮಾತಾಡಿ, ತಲೆಯಾಡಿಸಿದ್ದನ್ನೇ ಉತ್ತರ ಅಂದುಕೊಳ್ಳುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಕಿಂಗಾ ಅವಳ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಲೂದ್ವಿಕಕ್ಕನೇ. ಹತ್ತೊಂಬತ್ತು ತುಂಬಿದ ವರ್ಷ ಕಿಂಗಾ ಮೊದಲ ಸಲ ಹೆಂಗಸರ ತಂಡದಲ್ಲಿ ವಿಶ್ವಕಪ್ ಋತುವಿಗೆ ಹೊರಟಳು. ನಾರ್ವೆಯ ಗುಡ್ಡದಲ್ಲಿ ಮೊದಲ ಮೂವತ್ತರೊಳಗೆ ಬಂದಾಗ ದೊಡ್ಡಮ್ಮ ವ್ಯಾನಿನಲ್ಲಿದ್ದ ಎಲ್ಲರಿಗೂ ಹೊಗೆ ಹಾಕಿದ ಕುರಿಹಾಲಿನ ಚೀಸು ಹಂಚಿದಳು. ಕಿಂಗಾ ತನ್ನ ಪಾಲನ್ನು ಕೈಚೀಲದೊಳಗೆ ಇಟ್ಟುಕೊಂಡಳು. ಮರುದಿನ ಅದು ನನ್ನ ಮೇಣದ ಪೆಟ್ಟಿಗೆಯ ಹಿಂದೆ ಬಿದ್ದಿತ್ತು. ಮರೆತಿರಬೇಕು ಅಂದುಕೊಂಡೆ.

ಹಗುರ ಮೈ ದೂರ ಹಾರುತ್ತದೆ. ಇದು ನಮ್ಮ ಕಸುಬಿನಲ್ಲಿ ಯಾರೂ ಗಟ್ಟಿಯಾಗಿ ಹೇಳದ, ಎಲ್ಲರಿಗೂ ಗೊತ್ತಿರುವ ಮಾತು. ತೂಕ ತೀರಾ ಇಳಿದರೆ ಸ್ಕೀಯ ಉದ್ದ ಕಡಿಮೆ ಮಾಡಿ ಹಾರಾಟ ತಗ್ಗಿಸಬೇಕೆಂಬ ನಿಯಮವಿದೆ. ಆದರೂ ಹುಡುಗಿಯರೂ ಹುಡುಗರೂ ಸಾರಿನ ಬಟ್ಟಲಿನ ಮುಂದೆ ಕೂತು ಚಮಚ ತಿರುಗಿಸುತ್ತಲೇ ಇರುತ್ತಾರೆ. ಉಡುಪಿಗೂ ನಿಯಮವಿದೆ. ಸಡಿಲ ಉಡುಪು ಗಾಳಿ ತುಂಬಿಕೊಂಡು ಹಾಯಿಯಂತೆ ಎತ್ತುತ್ತದೆ, ಆದ್ದರಿಂದ ಅದು ಮೈಗೆ ಅಂಟಿಕೊಂಡೇ ಇರಬೇಕು. ಸ್ವಲ್ಪ ಹೆಚ್ಚು ಸಡಿಲ ಕಂಡರೆ ತಪಾಸಣೆಯವರು ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತಾರೆ.

ಹಾಗಾಗಿ ಮೈ ಇಳಿದಂತೆಲ್ಲ ಉಡುಪನ್ನು ಒಳಗೆ ಹಿಡಿದು ಹೊಲಿಯಬೇಕು. ಡಿಸೆಂಬರಿನಲ್ಲಿ ಲೂದ್ವಿಕಕ್ಕ ಕಿಂಗಾಳ ಸೊಂಟ ಹಿಡಿದಳು. ಕ್ರಿಸ್‌ಮಸ್ಸಿಗೆ ಮುಂಚೆ ತೊಡೆ ಹಿಡಿದಳು. ಹೊಸ ವರ್ಷಕ್ಕೆ ಮತ್ತೆ ಸೊಂಟ. ಪ್ರತಿ ಸಲವೂ ಕಿಂಗಾ ಮೊದಲಿಗಿಂತ ದೂರ ಹಾರಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಆ ಮಲ್ಲಿಗೆಯನ್ನು ಇಡೀ ದೇಶ ಟೀವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿತು.

ಆಸ್ಟ್ರಿಯದ ಒಂದು ವಸತಿಗೃಹದಲ್ಲಿ ನಾನು ಮೂಲೆಯಲ್ಲಿ ಸ್ಕೀ ಒರೆಸುತ್ತಿದ್ದಾಗ ಲೂದ್ವಿಕಕ್ಕ ಕಿಂಗಾಳ ಉಡುಪಿನ ಪಕ್ಕೆಗೆ ಗುಂಡುಪಿನ್ನು ಚುಚ್ಚುತ್ತ ಸುಮ್ಮನಾದಳು. ಅವಳು ಸುಮ್ಮನಾದದ್ದೇ ವಿಚಿತ್ರ ಅನ್ನಿಸಿ ನಾನು ತಲೆಯೆತ್ತಿದೆ.

"ಪಕ್ಕೆಲುಬು ಎಣಿಸ್ಬಹುದಲ್ಲೇ," ಅಂದಳು. "ಊಟ ಸರಿಯಾಗಿ ಮಾಡ್ತಿದ್ದೀಯ ತಾನೆ?"

ಕಿಂಗಾಳ ಬಾಯಲ್ಲಿ ದಾರವಿತ್ತು. ಅವಳು ತಲೆಯಾಡಿಸಿದಳು.

"ನಿಮ್ಮಮ್ಮನೂ ಹೀಗೇ, ತಿಂದದ್ದು ಎಲ್ಲಿ ಹೋಗುತ್ತೋ ಗೊತ್ತಾಗ್ತಿರ್ಲಿಲ್ಲ," ಎಂದು ದೊಡ್ಡಮ್ಮನ ಮಾತು ಮತ್ತೆ ಹರಿಯಿತು. ಕಿಂಗಾ ಆ ದಾರವನ್ನು ಹೇಗೆ ಕಚ್ಚಿ ಹಿಡಿದಿದ್ದಳೆಂದರೆ, ನನಗೆ ಅದು ಅವಳಿಗೆ ಸಿಕ್ಕ ರಕ್ಷೆಯ ಹಾಗೆ ಕಂಡಿತು. ಅದು ಇರುವವರೆಗೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

ಅಂದೇ ತರಬೇತುದಾರ ಗವೆಲ್‌ನ ಕಿವಿಗೆ ಹಾಕಿದೆ. "ಹುಡುಗಿ ಒಣಗ್ತಾ ಇದಾಳೆ, ಸ್ವಲ್ಪ ನೋಡು."

"ಹುಡುಗಿ ಹಾರ್ತಾ ಇದಾಳೆ," ಅಂದ ಅವನು. "ನೀನು ನಿನ್ನ ಮೇಣ ತಿಕ್ಕಣ್ಣ."

ಸಿಟ್ಟು ಬಂತು. ಮೇಣ ತಿಕ್ಕಿದೆ.

ಜನವರಿ ಕೊನೆಯಲ್ಲಿ ಸ್ಪರ್ಧೆ ನಮ್ಮೂರಿನ ಗುಡ್ಡಕ್ಕೇ ಬಂತು. ಶನಿವಾರ ಗಂಡಸರದು, ಭಾನುವಾರ ಹೆಂಗಸರದು. ಶುಕ್ರವಾರವೇ ದಕ್ಷಿಣದ ಶಿಖರಗಳ ಮೇಲೆ ಬಿಳಿ ಮೋಡ ಗೋಡೆ ಕಟ್ಟಿದ ಹಾಗೆ ಕೂತಿತ್ತು. ಹಾಲ್ನಿ ಗಾಳಿ ಬರುವ ಗುರುತು ಅದು. ಹಾಲ್ನಿ ಬೆಚ್ಚಗೆ ಬರುತ್ತದೆ, ಹಿಮ ನೆಕ್ಕುತ್ತದೆ, ದೇವದಾರು ಮರಗಳನ್ನು ಸಾಲಾಗಿ ಮಲಗಿಸುತ್ತದೆ. ಅದು ಬೀಸುವ ದಿನಗಳಲ್ಲಿ ನಮ್ಮಲ್ಲಿ ಹಸುಗಳು ಹಾಲು ಕೊಡುವುದಿಲ್ಲ, ಗಂಡಹೆಂಡಿರು ಮಾತಿಗೆ ಮಾತು ಬೆಳೆಸುವುದಿಲ್ಲ, ಒಬ್ಬಿಬ್ಬರು ಹಗ್ಗ ಹುಡುಕಿಕೊಂಡು ಕೊಟ್ಟಿಗೆಗೆ ಹೋಗುವುದೂ ಉಂಟು. ಶನಿವಾರ ಅದು ಬರಲಿಲ್ಲ. ಗಂಡಸರು ನಿಶ್ಚಿಂತೆಯಿಂದ ಹಾರಿದರು, ಜನ ತುತ್ತೂರಿ ಊದಿ ಊದಿ ನಮ್ಮ ಕಿವಿ ಕಿವುಡಾಯಿತು. ಮೋಡದ ಗೋಡೆ ಮಾತ್ರ ಅಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು, ಯಾರೋ ಬಾಗಿಲ ಹಿಂದೆ ನಿಂತು ಉಸಿರು ಬಿಡುವ ಹಾಗೆ. ಲೂದ್ವಿಕಕ್ಕ ಮನೆಯಲ್ಲಿ ಕುರಿಮಾಂಸ ಹಾಕಿ ಹುಳಿ ಬರಿಸಿದ ಕೋಸಿನ ಸಾರು ಒಲೆಗೇರಿಸಿ ಬಂದಿದ್ದಳು. ಸ್ಪರ್ಧೆ ಮುಗಿದ ಮೇಲೆ ಎಲ್ಲರೂ ಅವಳ ಮನೆಗೆ ಊಟಕ್ಕೆ ಹೋಗುವುದೆಂದು ಮಾತಾಗಿತ್ತು.

ತೀರ್ಪುಗಾರರು ನಿಲ್ಲಿಸುವುದು, ಶುರು ಮಾಡುವುದು, ಮತ್ತೆ ನಿಲ್ಲಿಸುವುದು ಮಾಡುತ್ತ ಹೇಗೋ ಮೊದಲ ಸುತ್ತು ಮುಗಿಸಿದರು. ಕಿಂಗಾ ಮೂರನೆಯವಳಾಗಿದ್ದಳು. ನಮ್ಮೂರ ಹುಡುಗಿ, ನಮ್ಮೂರ ಗುಡ್ಡದಲ್ಲಿ ಮೂರನೆಯವಳು. ಕೆಳಗೆ ಜನ ಹುಚ್ಚೆದ್ದಿದ್ದರು.

ಆಗ ಅವಳು ಕೆಳಗಿನಿಂದ ಲಿಫ್ಟಿನಲ್ಲಿ ನಾವಿದ್ದ ಗೋಪುರದ ಮೇಲಕ್ಕೆ ಬಂದಳು, ಹಿಂದೆಯೇ ಗವೆಲ್ ಓಡಿಬಂದ. "ಲೂದ್ವಿಕಕ್ಕ, ತಪಾಸಣೆಯವಳು ಈ ಸಲ ಬಿಟ್ಟಿದಾಳೆ. ಸೊಂಟ ಸಡಿಲ ಅಂತೆ. ಎರಡನೇ ಸುತ್ತಿಗೆ ಹಿಂಗೇ ಬಂದ್ರೆ ಹೊರಗೆ ಹಾಕ್ತೀನಿ ಅಂದ್ಳು. ಬೇಗ ಹಿಡಿದುಬಿಡು."

ಯಾರೂ ತಿದ್ದದಂತೆ ಉಡುಪಿಗೆ ಚಿಪ್ ಹಚ್ಚಿ ಮುದ್ರೆ ಒತ್ತುವ ನಿಯಮ ಆಗಿನ್ನೂ ಬಂದಿರಲಿಲ್ಲ. ಎರಡು ಸುತ್ತಿನ ನಡುವೆ ಸೂಜಿಗೆ ಅವಕಾಶವಿತ್ತು. ಆದರೆ ಉಡುಪು ಬಿಚ್ಚಿ, ಯಂತ್ರಕ್ಕೆ ಕೊಟ್ಟು, ಮತ್ತೆ ತೊಡಿಸುವಷ್ಟು ಹೊತ್ತಿರಲಿಲ್ಲ. ಮೈಮೇಲೆಯೇ ಕೈಹೊಲಿಗೆ ಹಾಕಬೇಕಿತ್ತು. ಗೋಪುರದ ಮೇಲಿನ ಕಾಯುವ ಕೋಣೆಯಲ್ಲಿ ನಾವು ನಾಲ್ವರೇ ಇದ್ದೆವು. ಗಾಳಿ ಬಂದಾಗಲೆಲ್ಲ ಕಬ್ಬಿಣದ ಗೋಪುರ ನರಳುತ್ತಿತ್ತು. ಕಿಂಗಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಅವಳ ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ.

ಲೂದ್ವಿಕಕ್ಕ ಸೂಜಿಗೆ ದಾರ ಪೋಣಿಸಿ ಇನ್ನೊಂದು ತುಂಡನ್ನು ಹಲ್ಲಲ್ಲಿ ಕತ್ತರಿಸಿದಳು.

"ದೊಡ್ಡಮ್ಮಾ," ಅಂದಳು ಕಿಂಗಾ. "ಬೆಳಿಗ್ಗೆ ನಾನು..."

"ಮೊದ್ಲು ಕಚ್ಕೊ ಮಗಳೇ."

"ಇಲ್ಲ, ಒಂದ್ನಿಮಿಷ ಕೇಳು, ನನಗೆ..."

"ಹೊಲ್ದ ಮೇಲೆ ಹೇಳುವಿಯಂತೆ. ಇವತ್ತು ಹಾಲ್ನಿ ಬೇರೆ, ಇಂಥ ದಿನ ದಾರ ಇಲ್ದೆ ಸೂಜಿ ಹಾಕ್ತೀನಾ ನಾನು? ಬಾಯಿ ತೆಗಿ."

ಕಿಂಗಾ ನನ್ನ ಕಡೆ ನೋಡಿದಳು, ಗವೆಲ್ ಕಡೆ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಅವಳು ಬಾಯಿ ತೆರೆದು ದಾರ ಕಚ್ಚಿದಳು.

ಲೂದ್ವಿಕಕ್ಕನ ಕೈ ಓಡತೊಡಗಿತು, ಜೊತೆಗೇ ನಾಲಿಗೆ. ಅಜ್ಜ ಒಮ್ಮೆ ಮದುಮಗನ ಷರಾಯಿಯನ್ನು ಚರ್ಚಿನ ಬಾಗಿಲಲ್ಲೇ ಹೊಲಿದ ಕಥೆ. ಒಲೆಯ ಮೇಲಿನ ಸಾರು. ಪಕ್ಕದ ಮನೆಯವಳು ಬೆಳಿಗ್ಗೆಯೇ ಬಂದು ಮೂಗಿನಲ್ಲಿ ವಾಸನೆ ಹಿಡಿದುಕೊಂಡು ಹೋದದ್ದು. ಕಿಂಗಾಳ ಕಣ್ಣಿಂದ ನೀರು ಇಳಿಯಿತು.

"ಚುಚ್ಚಿತಾ?" ಅಂದಳು ದೊಡ್ಡಮ್ಮ.

ಕಿಂಗಾ ಇಲ್ಲವೆಂದು ತಲೆಯಾಡಿಸಿದಳು.

ಹೊರಗಿನಿಂದ ಅವಳ ಸಂಖ್ಯೆ ಕೂಗಿದರು. ಲೂದ್ವಿಕಕ್ಕ ಗಂಟು ಹಾಕಿ, ದಾರ ಕಡಿದು, ಸೊಂಟದ ಮೇಲೆ ಕೈಯಾಡಿಸಿ ನೋಡಿದಳು. ಉಡುಪು ಚರ್ಮದ ಹಾಗೆ ಕೂತಿತ್ತು. ಕಿಂಗಾ ಬಾಯಿಯ ದಾರವನ್ನು ದೊಡ್ಡಮ್ಮನ ಅಂಗೈಗೆ ಉಗುಳಿದಳು.

"ಏನೋ ಹೇಳ್ಬೇಕು ಅಂತಿದ್ದೆಯಲ್ಲ?"

ಗವೆಲ್ ಆಗಲೇ ಹಾರಲು ಸನ್ನೆ ಕೊಡುವ ಬಾವುಟ ಹಿಡಿದು ತರಬೇತುದಾರರ ಕಟ್ಟೆಗೆ ಓಡಿದ್ದ. ಬಾಗಿಲಲ್ಲಿ ನಿಂತಿದ್ದ ಅಧಿಕಾರಿ ಬೇಗ ಬೇಗ ಎಂದು ಕೈಬೀಸುತ್ತಿದ್ದ.

"ಊಟಕ್ಕೆ ಕೂತಾಗ ಹೇಳ್ತೀನಿ," ಅಂದಳು ಕಿಂಗಾ.

ಸ್ಕೀ ಕೊಟ್ಟೆ. ಅವಳು ಹೋಗಿ ಜಾರುದಾರಿಯ ತಲೆಯಲ್ಲಿದ್ದ ಅಡ್ಡಪಟ್ಟಿಯ ಮೇಲೆ ಕೂತಳು. ದೀಪ ಕೆಂಪಾಗಿತ್ತು, ಹಳದಿಯಾಯಿತು, ಮತ್ತೆ ಕೆಂಪಾಯಿತು. ಅವಳನ್ನು ವಾಪಸು ಎಬ್ಬಿಸಿದರು. ಈಗಲಾದರೂ ನಿಲ್ಲಿಸಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಗಾಳಿ ಒಮ್ಮೆಲೇ ಸತ್ತಂತೆ ನಿಂತಿತು. ಹಾಲ್ನಿ ಹಾಗೆ ನಿಂತಾಗ ನಮ್ಮ ಕಡೆಯವರು ಹೊರಗೆ ಕಾಲಿಡುವುದಿಲ್ಲ. ಅವಳನ್ನು ಮತ್ತೆ ಪಟ್ಟಿಯ ಮೇಲೆ ಕೂರಿಸಿದರು. ದೀಪ ಹಸಿರಾಯಿತು, ದೂರದಲ್ಲಿ ಗವೆಲ್‌ನ ಬಾವುಟ ಕೆಳಗಿಳಿಯಿತು, ಕಿಂಗಾ ಪಟ್ಟಿ ಬಿಟ್ಟಳು.

ಮೇಲೆ ನಿಂತವರಿಗೆ ಜಿಗಿತ ಕಾಣುವುದಿಲ್ಲ. ಜಾರುದಾರಿಯ ತುದಿಯಲ್ಲಿ ಮೈ ಮಾಯವಾಗುತ್ತದೆ, ಅಷ್ಟೇ. ಉಳಿದದ್ದನ್ನು ಜನರ ಗದ್ದಲದಿಂದ ತಿಳಿದುಕೊಳ್ಳಬೇಕು. ಅವಳು ಮಾಯವಾದಳು. ಸಾವಿರಾರು ತುತ್ತೂರಿಗಳು ಏರುತ್ತ ಏರುತ್ತ ಹೋದವು. ಆಮೇಲೆ ಎಲ್ಲವೂ ಒಟ್ಟಿಗೆ ನಿಂತವು.

ಲೂದ್ವಿಕಕ್ಕ ನನ್ನ ತೋಳು ಹಿಡಿದಳು. "ಯಾಕೋ ಬ್ಲಾಜೆಯ್ ನಿಲ್ಲಿಸಿದ್ರು? ಯಾಕೆ ಊದ್ತಿಲ್ಲ?"

ಕೆಳಗಿನಿಂದ ಗಾಳಿ ಮತ್ತೆ ಎದ್ದಿತು.

ಗಾಳಿ ಅವಳನ್ನು ಒಣಗಿದ ಎಲೆಯಂತೆ ಎತ್ತಿ ಮಗುಚಿತು ಎಂದು ಗವೆಲ್ ಹೇಳಿದ. ಗಾಳಿ ಬರುವ ಮೊದಲೇ ಕೈಗಳು ಜೋತುಬಿದ್ದಿದ್ದವು, ಪ್ರಜ್ಞೆ ಹೋಗಿತ್ತು ಎಂದು ಟೀವಿಯಲ್ಲಿ ನಿಧಾನವಾಗಿ ತೋರಿಸಿದಾಗ ಎಲ್ಲರೂ ನೋಡಿದರು. ತಂಡದ ವಸತಿಗೃಹದಲ್ಲಿ ಅವಳ ಜೊತೆ ಕೋಣೆ ಹಂಚಿಕೊಂಡಿದ್ದ ಸಬೀನಾ ಆಸ್ಪತ್ರೆಯ ಮೊಗಸಾಲೆಯಲ್ಲಿ ಅಳುತ್ತ ಉಳಿದದ್ದನ್ನು ಹೇಳಿದಳು. ಬೆಳಿಗ್ಗೆ ಮೆಟ್ಟಿಲಿನ ಮೇಲೆ ಕಿಂಗಾ ಕಣ್ಣುಕತ್ತಲೆ ಬಂದು ಬಿದ್ದಿದ್ದಳಂತೆ. ತರಬೇತುದಾರನಿಗೆ ಹೇಳೋಣ ಅಂದರೆ ಬೇಡ, ದೊಡ್ಡಮ್ಮನಿಗೆ ಹೇಳ್ತೀನಿ, ಅವಳು ಬೇಡ ಅಂದ್ರೆ ಹಾರಲ್ಲ ಅಂದಿದ್ದಳಂತೆ.

ಲೂದ್ವಿಕಕ್ಕ ಅದನ್ನು ಕೇಳಿಸಿಕೊಂಡು ಬೆಂಚಿನ ಮೇಲೆ ಕೂತಳು. ಅವಳ ಮುಷ್ಟಿ ಮುಚ್ಚಿಯೇ ಇತ್ತು. ಒಳಗೆ ಆ ದಾರವಿತ್ತು.

ಕಿಂಗಾ ಬದುಕಿದಳು. ಬಲಗಾಲು ಮಡಚುವುದಿಲ್ಲ. ಆ ಜನವರಿಯೇ ತಲೆಯಿಂದ ಅಳಿಸಿಹೋಗಿದೆ. ಹೊಸ ವರ್ಷದಿಂದ ಆಸ್ಪತ್ರೆಯ ಹಾಸಿಗೆಯವರೆಗೆ ಏನೂ ನೆನಪಿಲ್ಲ. ಊರಿನ ಹೆಂಗಸರು ಬಾವಿಕಟ್ಟೆ ಪಂಚಾಯಿತಿ ನಡೆಸಿ ತೀರ್ಪು ಕೊಟ್ಟರು. ಕೊನೆ ಗಂಟಿಗೆ ಮುಂಚೆಯೇ ದಾರ ಉಗುಳಿದ್ದಾಳೆ, ಅದಕ್ಕೇ ಬುದ್ಧಿ ಹೊಲಿದುಹೋಯಿತು ಎಂದರು. ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ದಾರ ಕೊನೆಯವರೆಗೂ ಬಾಯಲ್ಲೇ ಇತ್ತು, ನಾನೇ ನೋಡಿದ್ದೇನೆ. ಇದ್ದದ್ದೇ ತಪ್ಪಾಯಿತು.

ಲೂದ್ವಿಕಕ್ಕ ಮುಂದಿನ ಋತುವಿಗೂ ವ್ಯಾನ್ ಹತ್ತಿದಳು. ಡಿಸೆಂಬರಿನಲ್ಲಿ ಇನ್ನೊಬ್ಬ ಹುಡುಗಿಯ ಸೊಂಟ ಸಡಿಲವಾಗಿತ್ತು. ಅವಳು ಸೂಜಿ ಕೆಳಗಿಟ್ಟು, "ಇವಳಿಗೆ ಊಟ ಹಾಕಿ ಕಳಿಸು, ಆಮೇಲೆ ನೋಡ್ತೀನಿ," ಎಂದು ಗವೆಲ್‌ಗೆ ಹೇಳಿದಳು. ಮರುವಾರ ಅವಳ ಜಾಗಕ್ಕೆ ಪಟ್ಟಣದಿಂದ ಬೇರೆ ದರ್ಜಿ ಬಂದ. ಅವನು ಮಾತಾಡುವುದಿಲ್ಲ, ದಾರ ಕೊಡುವುದಿಲ್ಲ, ಚೆನ್ನಾಗಿ ಹಿಡಿಯುತ್ತಾನೆ. ಆ ಹುಡುಗಿ ಈಗ ತುಂಬ ದೂರ ಹಾರುತ್ತಾಳೆ. ನಾನು ಅವಳ ಸ್ಕೀ ಒರೆಸುವಾಗ ಅವಳ ಮುಖ ನೋಡಲು ಹೆದರುತ್ತೇನೆ.

ಈಸ್ಟರಿಗೆ ಊರಿಗೆ ಹೋದಾಗ ಲೂದ್ವಿಕಕ್ಕನ ಮನೆಗೆ ಹೋದೆ. ಕಿಂಗಾ ಹಬ್ಬದ ಹೂವಿನ ಲಂಗ ತೊಟ್ಟು, ಕೋಲೂರಿ ಕಿಟಕಿಯ ಬಳಿ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು. ಲಂಗ ಸೊಂಟಕ್ಕೆ ಬಿಗಿಯಾಗಿ, ಕೊಕ್ಕೆ ಕೂಡುತ್ತಿರಲಿಲ್ಲ. ದೊಡ್ಡಮ್ಮ ಮಂಡಿಯೂರಿ ಪಕ್ಕದ ಹೊಲಿಗೆ ಬಿಡಿಸಿ ಅಗಲ ಮಾಡುತ್ತಿದ್ದಳು. ಮತ್ತೆ ಕೂಡಿಸಲು ಸೂಜಿ ಎತ್ತಿಕೊಂಡಾಗ ಕಿಂಗಾ ಚಿಕ್ಕಂದಿನ ಅಭ್ಯಾಸದಂತೆ ದಾರಕ್ಕಾಗಿ ಬಾಯಿ ತೆರೆದಳು.

ಲೂದ್ವಿಕಕ್ಕ ದಾರ ಕೊಡಲಿಲ್ಲ. "ಮಾತಾಡು," ಅಂದಳು.

"ಏನ್ ಮಾತಾಡ್ಲಿ ದೊಡ್ಡಮ್ಮ?"

"ಏನಾದ್ರೂ. ನಾನು ಮುಗಿಸೋವರೆಗೂ ಮಾತಾಡ್ತಾ ಇರು."

ಕಿಂಗಾ ನನ್ನನ್ನು ನೋಡಿ ನಕ್ಕಳು. ಏನು ಹೇಳುವುದೆಂದು ತೋಚದೆ ಬೆಳಿಗ್ಗೆ ತಿಂದದ್ದನ್ನು ಹೇಳತೊಡಗಿದಳು. ಎರಡು ಮೊಟ್ಟೆ, ಮೂಲಂಗಿ, ಬ್ರೆಡ್ಡು, ಅದರ ಮೇಲೆ ಬೆಣ್ಣೆ, ದಪ್ಪ ಬೆಣ್ಣೆ. ಲೂದ್ವಿಕಕ್ಕ ತಲೆ ತಗ್ಗಿಸಿ ಹೊಲಿಯುತ್ತ ಒಂದೊಂದಕ್ಕೂ ಹೂಂ ಅನ್ನುತ್ತಿದ್ದಳು.