ಹೆಂಡ್ತಿ ಕಲ್ಲಿನ ಆಚೆ ಮಗ್ಗುಲು

ಭಾನುಮತಿಗೆ ಸ್ಟೀಲ್ ತಟ್ಟೆ ಕಂಡರೆ ಹೇಸಿಗೆ. ತಟ್ಟೆಯ ತಪ್ಪೇನೂ ಇಲ್ಲ. ಪಾರ್ಕುಗಳಲ್ಲಿ ಪ್ಲಾಸ್ಟಿಕ್ ನಿಷೇಧವಾದ ವರ್ಷ, ನೈರೋಬಿಯ ಕನ್ನಡಿಗರ ಚಾರಣದ ಗುಂಪಿನಲ್ಲಿ ಅವಳ ಗಂಡ ಅನಂತ್ ಪರಿಸರದ ಬಗ್ಗೆ ಉದ್ದನೆಯ ಭಾಷಣ ಮಾಡಿ, "ಇನ್ಮೇಲೆ ಸ್ಟೀಲ್ ಪ್ಲೇಟ್ಸ್ ಮಾತ್ರ" ಎಂದು ಚಪ್ಪಾಳೆ ಗಿಟ್ಟಿಸಿದ್ದ. ಇಪ್ಪತ್ತನಾಲ್ಕು ತಟ್ಟೆ ಬಂದವು. ಪಾರ್ಕ್‌ಲ್ಯಾಂಡ್ಸ್‌ನ ಅವಳ ಮೂರನೇ ಮಹಡಿಯ ಅಡುಗೆಮನೆಯಲ್ಲೇ ಉಳಿದವು.

ಒಣ ಪಾರ್ಕಿನಲ್ಲಿ ತೊಳೆಯಲು ನೀರಿಲ್ಲ. ಉಂಡ ತಟ್ಟೆಗಳನ್ನು ಗೋಣಿಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕುತ್ತಾರೆ. ಮೂರು ಗಂಟೆ ಬಿಸಿಲಲ್ಲಿ ಬೆಂದು ಮನೆ ಸೇರುವ ಹೊತ್ತಿಗೆ ಮೊಸರನ್ನ ಹುಳಿ ಕಾರುತ್ತಿರುತ್ತದೆ. ಯಾರೋ ಅಗಿದು ಉಗುಳಿದ ನುಗ್ಗೆಕಾಯಿಯ ನಾರು, ಯಾರೋ ಹಲ್ಲು ಕೆದಕಿದ ಕಡ್ಡಿ, ಮೂಗು ಒರೆಸಿ ಸಾಂಬಾರಿನಲ್ಲಿ ಅದ್ದಿಟ್ಟ ಟಿಶ್ಯೂ. ಯಾವ ತಟ್ಟೆ ಯಾರದೆಂದು ಅವಳು ಎಂಜಲು ನೋಡಿಯೇ ಹೇಳಬಲ್ಲಳು. ಮನೆಗೆಲಸದ ವಾಂಬುಯಿಗೆ ಭಾನುವಾರ ರಜೆ. ಶನಿವಾರ ಪೂರ್ತಿ ತರಕಾರಿ ಹೆಚ್ಚಿ, ಎಂಬತ್ತು ಚಪಾತಿ ಲಟ್ಟಿಸಿದವಳು ವಾಂಬುಯಿಯೇ. ಸೋಮವಾರ ಬೆಳಿಗ್ಗೆ ಅವಳ ಮುಂದೆ ಈ ಹೊಲಸನ್ನು ಸುರಿಯಲು ಭಾನುಮತಿಗೆ ಮನಸ್ಸು ಬಾರದು. ತಾನೇ ತೊಳೆಯುತ್ತಾಳೆ. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಅನಂತನಿಗೆ ಧನ್ಯವಾದಗಳು ಬಂದಿರುತ್ತವೆ.

ಭಾನುಮತಿ ಅರಸೀಕೆರೆಯವಳು. ಮದುವೆಯಾಗಿ ನೈರೋಬಿಗೆ ಬಂದು ಮೂವತ್ತು ವರ್ಷವಾಯಿತು. ಅದರಲ್ಲಿ ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟಳು. ಗುಂಪಿನವರು ಪ್ರತಿವರ್ಷ ಹೋಗುವ ಒಂದು ಬಂಡೆಯಿದೆ. ನಗರದಿಂದ ಎರಡೂವರೆ ಗಂಟೆ ದೂರ, ಮಗಾಡಿ ಸರೋವರದ ಕಡೆಯ ಮುಳ್ಳುಗಿಡಗಳ ಮರುಭೂಮಿಯಂಥ ಪಾರ್ಕಿನಲ್ಲಿ. ದೂರದಿಂದ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನಂತೆ ಕಾಣುತ್ತದೆಯಂತೆ. ಗಂಡಸರು ಅದಕ್ಕೆ ಹೆಂಡ್ತಿ ಕಲ್ಲು ಎಂದು ಹೆಸರಿಟ್ಟಿದ್ದಾರೆ.

ಏಳು ಸಲ ಪಾರ್ಕಿಗೆ ಹೋಗಿದ್ದರೂ ಭಾನುಮತಿ ಅದನ್ನು ಕಂಡಿದ್ದು ಗಂಡನ ಫೋನಿನಲ್ಲಿ ಮಾತ್ರ. ಉಳಿದವರು ಮೂರು ಕಿಲೋಮೀಟರ್ ನಡೆದು ಹೋಗಿ ಬರುವಷ್ಟರಲ್ಲಿ ಹಪ್ಪಳ ಕರಿದಿರಬೇಕು, ಮೊಸರನ್ನ ಆಗತಾನೇ ಕಲೆಸಿರಬೇಕು, ಬಬೂನ್ ಮಂಗಗಳು ಊಟಕ್ಕೆ ಬಾಯಿ ಹಾಕದಂತೆ ಒಬ್ಬರು ಕಾಯಬೇಕು. ಆ ಒಬ್ಬರು ಯಾರೆಂದು ಯಾರೂ ತೀರ್ಮಾನಿಸಿರಲಿಲ್ಲ.

ಈ ಸಲ ಅವಳು ಹೋಗಲೇಬೇಕಿತ್ತು. ಮುಂದಿನ ತಿಂಗಳು ಬಲ ಮಂಡಿಗೆ ಆಪರೇಷನ್. ಆಮೇಲೆ ಕಲ್ಲುದಾರಿಯ ಆಸೆ ಬಿಡಿ ಎಂದಿದ್ದರು ಡಾಕ್ಟರ್.

ಕಾರು ಇಳಿಯುತ್ತಲೇ ಹೇಳಿದಳು, "ನಾನೂ ಬರ್ತೀನಿ."

ಅನಂತ್ ಟೋಪಿ ಸರಿಮಾಡಿಕೊಳ್ಳುತ್ತಿದ್ದ. "ಆ ಮಂಡಿ ಇಟ್ಕೊಂಡಾ? ಸುಮ್ನಿರು ಭಾನು. ಫೋಟೋ ತರ್ತೀನಲ್ಲ."

"ಏಳು ವರ್ಷದಿಂದ ತರ್ತಿದೀರ."

ಗುಂಪಿನ ಕಿರಿಯರಲ್ಲೊಬ್ಬನಾದ ರಾಯ್ಸ್ಟನ್ ಕಿತ್ತಳೆ ಸುಲಿಯುತ್ತ ನಕ್ಕ. "ಆಂಟಿ, ನಮ್ಗೆ ಆ ಹೆಂಡ್ತೀನೇ ಸಾಕು. ಅದು ಬೈಯೋದೇ ಇಲ್ಲ!"

ಗಂಡಸರೆಲ್ಲ ನಕ್ಕರು. ಅವನ ಹೆಂಡತಿ ಹೆಲನ್ ನಗಲಿಲ್ಲ. ಗುಂಪು ಹೊರಟಿತು. ದಾರಿಯುದ್ದಕ್ಕೂ ಕಿತ್ತಳೆ ಸಿಪ್ಪೆ ಬೀಳುತ್ತ ಹೋಯಿತು.

ಭಾನುಮತಿ ಕುಕ್ಕರನ್ನು ಇಳಿಸಲು ಬಗ್ಗಿದವಳು ಅಲ್ಲೇ ಬಿಟ್ಟಳು. ಡಿಕ್ಕಿಯ ಮುಚ್ಚಳ ಎಳೆದು ಹಾಕಿದಳು.

"ಹೆಲನ್, ನೀನೂ ಬಾ."

"ನನಗೆ ಬಂಡೆ ಬೇಡ ಮಾರಾಯ್ರೇ, ನಿದ್ರೆ ಬೇಕು. ನಾಲ್ಕಕ್ಕೆ ಎದ್ದಿದ್ದು ನಾನು." ಹೆಲನ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿದಳು. "ನಾನು ಡೋರ್ ಲಾಕ್ ಮಾಡಿ ಮಲಗ್ತೇನೆ. ಮಂಗ ಕಾಯುವುದಕ್ಕೆ ಮಾತ್ರ ಹೇಳ್ಬೇಡಿ, ಆಯ್ತಾ? ನೀವು ಹೋಗಿ ಬನ್ನಿ."

ಕೆಂಪು ಧೂಳು ಕಣಕಾಲಿನವರೆಗೆ ಹತ್ತಿತು. ಪ್ರತಿ ಹೆಜ್ಜೆಗೂ ಮಂಡಿಯೊಳಗೆ ಮರಳು ಅರೆದಂತಾಗುತ್ತಿತ್ತು. ದಾರಿ ತಪ್ಪುವ ಭಯವಿರಲಿಲ್ಲ. ಸಿಪ್ಪೆ ಇತ್ತು, ಅದರ ಮೇಲೆ ನೊಣ ಇತ್ತು, ಅಲ್ಲಲ್ಲಿ ಗಂಟಲು ಕೆರೆದು ಉಗುಳಿದ್ದಿತ್ತು. ಒಂದು ಸಿಪ್ಪೆ ಹೆಕ್ಕಲು ಅವಳ ಕೈ ತಾನಾಗಿ ಮುಂದೆ ಹೋಯಿತು. ಮೂವತ್ತು ವರ್ಷದ ಅಭ್ಯಾಸ. ಆ ಕೈಯ ಮೇಲೇ ಅವಳಿಗೆ ಅಸಹ್ಯವಾಯಿತು. ಸಿಪ್ಪೆಯನ್ನು ಅಲ್ಲೇ ಬಿಟ್ಟು, ದುಪಟ್ಟಾದ ತುದಿಯಲ್ಲಿ ಕೈ ಸುತ್ತಿಕೊಂಡು ನಡೆದಳು.

ಒಂದು ಗಂಟೆಯ ಮೇಲಾಯಿತು ತಲುಪಲು. ಅನಂತ್ ಬಂಡೆಯ ಬುಡದಲ್ಲಿ, ಕಲ್ಲಿನ ಸೊಂಟದ ಸುತ್ತ ತೋಳು ಬಳಸಿದಂತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಹೆಂಡತಿಯನ್ನು ಕಂಡು ತೋಳು ಇಳಿಸಿದ. ಮಂಡಿ ಹೇಗಿದೆ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ.

"ನೀನಿಲ್ಲಿ? ಮತ್ತೆ ಊಟ ಯಾರು ನೋಡ್ಕೊಳ್ತಿದಾರೆ?"

ಅವಳಿಗೆ ಮೊದಲು ಉಸಿರು ಬೇಕಿತ್ತು. ತೆಗೆದುಕೊಂಡಳು.

"ಬಬೂನುಗಳು."

"ಏನು?"

"ಏಳೆಂಟಿದ್ವು. ದೊಡ್ಡದೊಂದು ನಿಮ್ಮ ಹಾಗೇ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿತ್ತು."

ರಾಯ್ಸ್ಟನ್ ಆಗಲೇ ಓಡಲು ಶುರುಮಾಡಿದ್ದ. "ಅಯ್ಯೋ, ಬಿಸಿಬೇಳೆಬಾತ್!" ಅವನ ಹಿಂದೆ ಮಿಕ್ಕವರು. ಅನಂತ್ ಎರಡು ಹೆಜ್ಜೆ ಹಾಕಿ ತಿರುಗಿದ. "ನಿಂಗೆ ಬುದ್ಧಿ ಇದೆಯಾ ಭಾನು? ಇಪ್ಪತ್ತನಾಲ್ಕು ಜನ!" ಎಂದು ಅವನೂ ಓಡಿದ. ಅರವತ್ತೆರಡು ವರ್ಷದ ಗಂಡಸು ಅನ್ನಕ್ಕಾಗಿ ಅಷ್ಟು ಜೋರಾಗಿ ಓಡುವುದನ್ನು ಅವಳು ನೋಡಿರಲಿಲ್ಲ. ನನಗಾಗಿ ಎಂದೂ ಓಡಿದವನಲ್ಲ ಎಂದುಕೊಂಡಳು.

ಧೂಳು ಅಡಗಿತು. ಭಾನುಮತಿ ಬಂಡೆಯ ಆಚೆ ಮಗ್ಗುಲಿಗೆ ಹೋದಳು. ಯಾವ ಫೋಟೋದಲ್ಲೂ ಇಲ್ಲದ ಮಗ್ಗುಲು ಅದು. ಅಲ್ಲಿಂದ ಹೆಂಗಸೂ ಇಲ್ಲ, ಸೊಂಟವೂ ಇಲ್ಲ. ಬಿರುಕು ಬಿಟ್ಟ ಕೆಂಪು ಕಲ್ಲು, ಅಷ್ಟೇ. ಬಿರುಕುಗಳಲ್ಲಿ ಬಾಲವಿಲ್ಲದ ದಪ್ಪ ಮೊಲಗಳಂಥ ಹೈರಾಕ್ಸ್‌ಗಳ ಸಂಸಾರ. ಅವುಗಳ ಉಚ್ಚೆ ಬಂಡೆಯ ಮೇಲೆ ಸುಣ್ಣದಂತೆ ಬೆಳ್ಳಗೆ ಇಳಿದು ಗಟ್ಟಿಯಾಗಿತ್ತು. ಕಾಲ ಕೆಳಗೆ ಹಿಕ್ಕೆ ಪುಡಿಯಾಯಿತು. ಮೂಗು ಮುಚ್ಚಿಕೊಳ್ಳುವಷ್ಟು ನಾತ. ಅವಳು ಮುಚ್ಚಿಕೊಳ್ಳಲಿಲ್ಲ. ಇದನ್ನು ತೊಳೆಯಬೇಕೆಂದು ಯಾರೂ ಕಾದಿರಲಿಲ್ಲ. ನೆರಳಿನಲ್ಲಿ ಕಾಲು ಚಾಚಿ ಕುಳಿತಳು.

ಅರ್ಧ ಗಂಟೆ ಕಳೆದು ಫೋನ್ ಬಂತು.

"ಡಿಕ್ಕಿ ಮುಚ್ಚೇ ಇತ್ತು, ತೆಗೆದು ನೋಡಿದ್ರೆ ಎಲ್ಲಾ ಹಾಗೇ ಇದೆ! ಒಳಗೆ ಹೆಲನ್ ಗೊರಕೆ ಹೊಡೀತಿದಾಳೆ. ಸುಳ್ಳು ಹೇಳಿದ್ಯಾ?"

"ಹೂಂ."

"ಮೊಸರನ್ನ ಕಲೆಸೇ ಇಲ್ವಲ್ಲ!"

"ಇಲ್ಲ."

"ಮತ್ತೆ?"

"ಮೊಸರು ನೀಲಿ ಡಬ್ಬೀಲಿದೆ. ಕೈ ತೊಳ್ಕೊಂಡು ಕಲೆಸಿ."

ಅವನು ಇನ್ನೂ ಏನೋ ಹೇಳುತ್ತಿರುವಾಗಲೇ ಫೋನನ್ನು ಚೀಲದೊಳಗೆ ಇಟ್ಟಳು. ಕಲ್ಲು ಹಿಡಿದು ಎದ್ದು, ಮಂಡಿ ಚಳಕ್ ಎಂದಾಗ ಹಲ್ಲು ಕಚ್ಚಿ, ಬಂಡೆಗೆ ಇನ್ನೊಂದು ಸುತ್ತು ಹೊರಟಳು.